ಮಾವನ ಮೋಟಾರಿನ ದೀಪಗಳು

ನನ್ನ ಸೋದರಮಾವನವರಿಗೆ ಬೆಳಕಿನ ಮೇಲೆ ಬಲು ಮೋಹ. ಅವರ ಓದುವ ಮೇಜಿಗೆ ಎರಡು ದೀಪ, ದೇವರ ಕೋಣೆಗೆ ಮೂರು. ಸ್ನಾನದ ಮನೆಯಲ್ಲಿಯೂ ಪಂಚಾಂಗ ಓದಬಹುದಾದಷ್ಟು ಬೆಳಕು! ಇಂತಹವರು ಹಳೆಯ ಮೋಟಾರೊಂದನ್ನು ಕೊಂಡಾಗ ಅದರ ಮುಂದಿನ ದೀಪಗಳು ಅವರ ಮನಸ್ಸಿಗೆ ಬರಲಿಲ್ಲವೆಂದರೆ ಆಶ್ಚರ್ಯವೇನು? ‘ಇದು ಹೆಡ್‌ಲೈಟಲ್ಲ, ಮಿಣುಕುಹುಳು’ ಎಂದು ಅವರು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ಇದು ಬರಿಯ ಚಪಲವೂ ಆಗಿರಲಿಲ್ಲ. ಪ್ರತಿವರ್ಷ ಚೌತಿಗೆ ಗೋರೆಗಾಂವಿನಿಂದ ಕುಂದಾಪುರದ ಕಡೆಯ ನಮ್ಮ ಊರಿಗೆ ಹೋಗುವುದು ಮನೆಯ ಪದ್ಧತಿ. ಪನವೇಲ್, ಮಹಾಡ, ಚಿಪ್ಳೂಣ, ಸಾವಂತವಾಡಿ ಎಂದು ಕೊಂಕಣದುದ್ದಕ್ಕೂ ಇಳಿಯುವ ಆ ಹೆದ್ದಾರಿಯಲ್ಲಿ ಮಳೆಗಾಲದ ಇರುಳು ಎಂದರೆ ಸಾಮಾನ್ಯವಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರೀ ನದಿಯ ಹಳೆಯ ಸೇತುವೆ ನೆರೆಯಲ್ಲಿ ಕೊಚ್ಚಿಹೋಗಿ, ಎರಡು ಬಸ್ಸುಗಳು ಪ್ರಯಾಣಿಕರೊಡನೆ ನೀರುಪಾಲಾದ ಸುದ್ದಿಯನ್ನು ನಮ್ಮ ಮನೆಯವರಾರೂ ಮರೆತಿರಲಿಲ್ಲ. ಮಾವನವರ ಗಾಡಿಯ ಹಿಂದಿನ ಆಸನದಲ್ಲಿ ಕೂಡುವವಳು ಎಂಬತ್ತು ದಾಟಿದ ಅಜ್ಜಿ. ಹೆಚ್ಚು ಬೆಳಕನ್ನು ಬಯಸಿದುದು ತಪ್ಪೆಂದು ನಾನು ಇಂದಿಗೂ ಹೇಳಲಾರೆನು.

2019ರ ಮಳೆಗಾಲ. ನಾನಾಗ ಹತ್ತನೆಯ ತರಗತಿಯಲ್ಲಿದ್ದೆನು. ಒಂದು ಆದಿತ್ಯವಾರ ಮಾವನವರು ಕಟ್ಟಡದ ಅಂಗಳದಲ್ಲಿಯೇ ಗಾಡಿಯ ಬಾನೆಟ್ಟನ್ನು ಎತ್ತಿ, ಮೂಲದ ಬಲ್ಬುಗಳನ್ನು ಕಳಚಿ, ಹೊಸ ಜೋಡಿಯನ್ನು ತೊಡಿಸಿದರು. ಮೂಲದವು 60 ಮತ್ತು 55 ವಾಟಿನವು: ದೂರದ ಬೆಳಕಿಗೆ 60, ಹತ್ತಿರದ ಬೆಳಕಿಗೆ 55. ಹೊಸವು 100 ಮತ್ತು 90. ರಸ್ತೆಯ ಮೇಲೆ ಬಳಸಲು ಕಾನೂನು ಒಪ್ಪದ ಈ ಬಲ್ಬುಗಳು ಪೇಟೆಯಲ್ಲಿ ಮಾತ್ರ ಧಾರಾಳವಾಗಿ ದೊರೆಯುತ್ತವೆ. ಅಂದು ಸಂಜೆ ಎದುರಿನ ಗೋಡೆ ಬೆಳ್ಳಗೆ ಬೆಳಗಿತು. ಮಾವನವರ ಮುಖ ಅದಕ್ಕಿಂತಲೂ ಹೆಚ್ಚು ಬೆಳಗಿತು.

ನಾಲ್ಕನೆಯ ರಾತ್ರಿ ಪೊವಾಯಿಯಿಂದ ಆರೇ ಕಾಲೊನಿಯ ದಾರಿಯಾಗಿ ಮರಳುತ್ತಿದ್ದೆವು. 1949ರಲ್ಲಿ ಹಾಲಿನ ಕಾಲೊನಿಯಾಗಿ ಹುಟ್ಟಿದ ಆ ಪ್ರದೇಶ ಇಂದಿಗೂ ಅರ್ಧ ಕಾಡು; ಚಿರತೆಗಳು ಬಂದುಹೋಗುವ ಸ್ಥಳ. ಎದುರಿನಿಂದ ಸೈಕಲಿನ ಮೇಲೆ ಬರುತ್ತಿದ್ದವನೊಬ್ಬನು ನಮ್ಮ ದೀಪದ ಪ್ರಖರತೆಗೆ ಕಣ್ಣುಗಳಿಗೆ ತೋಳನ್ನು ಅಡ್ಡ ಹಿಡಿದು, ತೂರಾಡಿ, ರಸ್ತೆಯಂಚಿನ ಕೆಸರಿಗೆ ಇಳಿದುಬಿಟ್ಟನು. ಅವನು ಬೀಳಲಿಲ್ಲ, ಅಷ್ಟೆ. ನಾವು ಅದನ್ನು ಕುರಿತು ಮಾತನಾಡುವಷ್ಟರಲ್ಲಿ ಗಾಡಿಯೊಳಗೆ ಸುಟ್ಟ ವಾಸನೆ ಹಬ್ಬಿತು. ಎಡದ ದೀಪ ಆರಿತು. ಸ್ವಲ್ಪ ದೂರ ಹೋದ ಮೇಲೆ ಬಲದ್ದೂ ಆರಿತು. ಬೆಸ್ಟ್ ಬಸ್ಸೊಂದರ ಕೆಂಪು ಹಿಂದೀಪಗಳನ್ನು ಹಿಡಿದುಕೊಂಡು, ಮಕ್ಕಳು ತಾಯಿಯ ಸೆರಗನ್ನು ಹಿಡಿದು ನಡೆಯುವಂತೆ, ಹೇಗೋ ಗೋರೆಗಾಂವನ್ನು ಸೇರಿದೆವು.

ಮರುದಿನ ಹೋದ ಗ್ಯಾರೇಜಿನ ವಯರಿಂಗ್ ಮೇಸ್ತ್ರಿ ವಿಜಯಪುರದ ಕಡೆಯ ವೃದ್ಧರು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಮೇಲೆ ಕೈ ಪಳಗಿಸಿದವರು. 2023ರ ಅಕ್ಟೋಬರಿನ ಕೊನೆಗೆ ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಮರೆಯಾದ ಆ ಗಾಡಿಗಳ ದೀಪಕ್ಕೆ ಗಾಜಿನ ಮುಖವಿತ್ತು. ಈಗಿನವುಗಳದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. ಅದು ಸುಮಾರು 147 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಬಲ್ಬಿನೊಳಗಿನ ತಂತಿಯಾದರೋ 2,500 ಡಿಗ್ರಿಗೂ ಮಿಕ್ಕಿ ಕಾಯುತ್ತದೆ. ನುಂಗಿದ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಪಾಲನ್ನೂ ಅದು ಬೆಳಕಾಗಿ ಕೊಡಲಾರದು, ಉಳಿದುದೆಲ್ಲ ಶಾಖವೇ.

ಮೇಸ್ತ್ರಿಗಳು ದೀಪವನ್ನು ಬಿಚ್ಚಿ ತೋರಿಸಿದರು. ಹೋಲ್ಡರು ಕರಗಿ ಬಲ್ಬಿನ ಕಾಲುಗಳಿಗೆ ಅಂಟಿಕೊಂಡಿತ್ತು. ಹಿಂದಿನ ಬಟ್ಟಲಿನ ಕನ್ನಡಿಯಂತಹ ಲೇಪ ಬೊಕ್ಕೆಯೆದ್ದಿತ್ತು. ಮುಖದ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹಾಲು ಚೆಲ್ಲಿದಂತಹ ಕಲೆ.

“ಬಟ್ಟಲಿಗೆ ಬೆಳ್ಳಿಬಣ್ಣ ಬಳಿದರಾಗದೆ, ಮೇಸ್ತ್ರಿ?” ಎಂದರು ಮಾವನವರು.

“ಬಣ್ಣ ಹೊಳಿತೈತ್ರಿ, ಬೆಳಕ ಒಗಿಯೂದಿಲ್ಲ,” ಎಂದು ಅವರು ನಕ್ಕರು.

ಆ ಲೇಪ ಆವಿಯಾಗಿಸಿ ಹಿಡಿಸಿದ ಅಲ್ಯುಮಿನಿಯಮ್ಮು. ಗ್ಯಾರೇಜಿನಲ್ಲಿ ಮರಳಿ ಹುಟ್ಟಿಸಲು ಬಾರದು. ಆದುದರಿಂದ ಕುರ್ಲಾದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅದೇ ಗಾಡಿಯ ಒಂದು ಜೊತೆ ದೀಪಗಳನ್ನು ಹುಡುಕಿ ತಂದೆವು. ಅವುಗಳ ಬಟ್ಟಲು ಸರಿಯಾಗಿತ್ತು, ಮುಖ ಮಾತ್ರ ಬಿಸಿಲಿಗೆ ಹಳದಿಯಾಗಿತ್ತು. ಬಿಸಿಲಿನ ಹಳದಿ ಹೊರಮೈಯದು. ನೀರು ಸುರಿಯುತ್ತ 800, 1500, 2000 ನಂಬರಿನ ಮರಳುಕಾಗದಗಳಿಂದ ಒಂದಾದ ಮೇಲೊಂದರಂತೆ ತಿಕ್ಕಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಪಾರದರ್ಶಕ ಲೇಪವನ್ನು ಕೊಟ್ಟರೆ ಅದು ಹೋಗುತ್ತದೆ. ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ತೋಳು ನೋಯುತ್ತಿತ್ತು. ಒಳಗಿನಿಂದ ಬೆಂದುದಕ್ಕೆ ಮಾತ್ರ ಯಾವ ಕಾಗದವೂ ಇಲ್ಲ.

ಆದರೆ ಮೇಸ್ತ್ರಿಗಳಿಗೆ ಬೇರೊಂದು ಸಂಶಯವಿತ್ತು. ಮೂಲದ 60 ವಾಟಿನ ಬಲ್ಬನ್ನೇ ಹಾಕಿ, ಇಂಜಿನನ್ನು ಚಾಲೂ ಮಾಡಿಸಿ, ಮೀಟರು ಹಿಡಿದರು. ಬ್ಯಾಟರಿಯಲ್ಲಿ 14 ವೋಲ್ಟು. ಬಲ್ಬಿನ ಬುಡದಲ್ಲಿ 11.5.

“ಸಾಹೇಬ್ರ, ಬಲ್ಬ ಚಲೋ ಐತ್ರಿ. ಅದಕ್ಕ ಊಟಾನ ಮುಟ್ಟವಲ್ದು.”

“ಹಾಗಾದರೆ ಊಟವನ್ನು ತಿಂದವರಾರು?”

“ಹಾದ್ಯಾಗ ತಂತಿ ತಿಂತೈತ್ರಿ.”

ಬ್ಯಾಟರಿಯಿಂದ ಹೊರಟ ಸಣ್ಣ ತಂತಿ ಚಾಲಕನ ಕೈಯ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮರಳಿ ದೀಪಕ್ಕೆ ಬರಬೇಕು. ಅರ್ತಿಂಗಿನ ಜೋಡಣೆಯನ್ನು ಮುಂಬಯಿಯ ಉಪ್ಪುಗಾಳಿ ಮತ್ತು ಮಳೆ ತುಕ್ಕುಹಿಡಿಸಿದ್ದವು. ಬಲ್ಬಿನ ಬೆಳಕು ವೋಲ್ಟೇಜಿನೊಡನೆ ಸರಿಸಮನಾಗಿ ಇಳಿಯದೆ ಅದಕ್ಕಿಂತ ಬಲು ಬೇಗ ಇಳಿಯುತ್ತದೆ: 14ರ ಬದಲು 11.5 ದೊರೆತರೆ ಬೆಳಕು ಸುಮಾರು ಅರ್ಧ. 100 ವಾಟಿನ ಬಲ್ಬು ಬಂದಾಗ ಅದೇ ತಂತಿಯಲ್ಲಿ ಐದು ಆಂಪಿಯರ್ ಹರಿಯುವಲ್ಲಿ ಎಂಟು ಹರಿಯಬೇಕಾಯಿತು. ತಂತಿಯ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವೆಂದು ಶಾಲೆಯಲ್ಲಿ ಆ ವರ್ಷವೇ ಕಲಿತಿದ್ದೆನು. ಹೋಲ್ಡರು ಏಕೆ ಕರಗಿತೆಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲಿಲ್ಲವೆಂಬುದೊಂದೇ ನನ್ನ ಕೊರಗು.

ಮೇಸ್ತ್ರಿಗಳು ದಪ್ಪ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆದು, ನಡುವೆ ಫ್ಯೂಸನ್ನೂ ರಿಲೇಯನ್ನೂ ಇಟ್ಟರು. ಹಳೆಯ ಸ್ವಿಚ್ಚಿಗೆ ಇನ್ನು ರಿಲೇಗೆ ಅಪ್ಪಣೆ ಕೊಡುವ ಕೆಲಸವಷ್ಟೆ. ತುಕ್ಕನ್ನು ಉಜ್ಜಿ ತೆಗೆದು, ಪಿಂಗಾಣಿಯ ಹೋಲ್ಡರುಗಳನ್ನು ತೊಡಿಸಿ, ಅದೇ 60 ವಾಟಿನ ಬಲ್ಬುಗಳನ್ನು ಬಟ್ಟೆಯಲ್ಲಿ ಹಿಡಿದು ಕೂಡಿಸಿದರು. ಬೆರಳಿನ ಎಣ್ಣೆ ತಗುಲಿದ ಜಾಗದಲ್ಲಿ ಬಲ್ಬಿನ ಗಾಜು ಕಾದು ಕೆಡುತ್ತದೆಯಂತೆ. ಈಗ ಮೀಟರು 13.5 ತೋರಿಸಿತು.

ಸಂಜೆ ನಮ್ಮ ಅಂಗಳದಲ್ಲಿ ಗಾಡಿಯನ್ನು ಗೋಡೆಯಿಂದ ಹತ್ತು ಮೀಟರು ದೂರ ನಿಲ್ಲಿಸಿ, ದೀಪದ ಎತ್ತರಕ್ಕಿಂತ 10 ಸೆಂಟಿಮೀಟರು ಕೆಳಗೆ ನಾನು ಸೀಮೆಸುಣ್ಣದ ಗೆರೆ ಎಳೆದೆನು. ಹತ್ತಿರದ ಬೆಳಕಿನ ಮೇಲಂಚು ಆ ಗೆರೆಗೆ ಬರುವವರೆಗೆ ಮೇಸ್ತ್ರಿಗಳು ತಿರುಪನ್ನು ತಿರುಗಿಸಿದರು. ಬಳಿಕ ಮಾವನವರನ್ನೇ ಗೋಡೆಯ ಬಳಿ ಗಾಡಿಗೆ ಎದುರಾಗಿ ನಿಲ್ಲಿಸಿ, ಕಣ್ಣು ಚುಚ್ಚುತ್ತದೆಯೇ ಎಂದು ಕೇಳಿದರು. ಮಾವನವರು ಬಹಳ ಹೊತ್ತು ದೀಪವನ್ನೇ ನೋಡುತ್ತ ನಿಂತು, “ಆ ಸೈಕಲಿನವನು ಯಾರೋ ಏನೋ” ಎಂದರು.

ಆ ವರ್ಷ ಚೌತಿಗೆ ಹೊರಟವರು ಮಹಾಡವನ್ನು ದಾಟಿದುದು ನಡುರಾತ್ರಿ, ಜಡಿಮಳೆಯಲ್ಲಿ. 2017ರಲ್ಲಿ ತೆರೆದ ಹೊಸ ಸೇತುವೆಯ ಎರಡೂ ಕೈಪಿಡಿಗಳು ಕೊನೆಯವರೆಗೆ ಕಾಣುತ್ತಿದ್ದುವೆಂದು ಮಾವನವರು ಫೋನು ಮಾಡಿ ಹೇಳಿದರು. ಅಜ್ಜಿ ಆಗ ನಿದ್ರೆ ಹೋಗಿದ್ದಳಂತೆ.