ಹಸೆಗೋಡೆಯ ಹಾದಿಯಲ್ಲಿ

ನಗರದ ಕೋಟೆ ನೋಡಿಕೊಂಡು ಹೊಸನಗರದ ಮೇಲೆ ಸಾಗರಕ್ಕೆ ಬಂದೆ. ಕೆಳದಿಯ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದರೆ ಈಗಿನ ನಗರಕ್ಕೆ ಒಯ್ದಿದ್ದರು. ನಾನು ಅದೇ ಜಾಡಿನಲ್ಲಿ ಹಿಂದಕ್ಕೆ ನಡೆದೆ. ಇಕ್ಕೇರಿಯ ಅಘೋರೇಶ್ವರನ ಗುಡಿ, ಕೆಳದಿಯ ವೀರಭದ್ರನ ಗುಡಿಯ ಛಾವಣಿಯಲ್ಲಿರುವ ಗಂಡಭೇರುಂಡ, ಎರಡನ್ನೂ ಕಣ್ತುಂಬ ನೋಡಿದೆ. ಅಲ್ಲಿಂದ ಮುಂದೆ ನನ್ನನ್ನು ಕರೆದದ್ದು ಈ ಸೀಮೆಯ ದೀವರ ಸಮುದಾಯದ ಮನೆಗಳ ಮಣ್ಣಿನ ಗೋಡೆ.

ಸಾಗರ ಸೀಮೆಯ ಒಂದು ಊರು. ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಹಿರಿಯಾಕೆ, "ಬನ್ನಿ, ಕೂತ್ಕಳಿ. ಆಸರಿಗೆ ಏನ್ ಬೇಕು?" ಎಂದರು. ಮಜ್ಜಿಗೆ ಕುಡಿದು ಒಳಗೆ ಹೋದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ. ಮದುಮಕ್ಕಳನ್ನು ಹಸೆಗೆ ಕೂರಿಸುವ ಜಾಗವದು. ಚೌಕದ ಸುತ್ತ ಎಳೆಯ ಮೇಲೆ ಎಳೆ, ಮೇಲೆ ಬಾಸಿಂಗ, ನಡುವೆ ಗೆರೆಯಲ್ಲೇ ಮೈದಳೆದ ಗಂಡು ಹೆಣ್ಣು.

ಬಣ್ಣವೆಲ್ಲ ಹಿತ್ತಲು, ಗದ್ದೆಗಳದ್ದೇ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕರಿ, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. "ಎಳೆ ನೆಟ್ಟಗೆ ಬರ್ಬೇಕು. ಮನ್ಸು ಬೇರೆ ಕಡೆ ಇದ್ರೆ ಗೋಡೆ ಹೇಳ್ಬಿಡ್ತದೆ" ಎಂದರು ಅಮ್ಮ. ಭೂಮಿ ಹುಣ್ಣಿಮೆಗೆ ಇದೇ ಕೈಗಳು ಬುಟ್ಟಿಗೂ ಚಿತ್ತಾರ ಬರೆಯುತ್ತವೆ. ನಸುಕಿನಲ್ಲಿ ಆ ಬುಟ್ಟಿ ಎಡೆ ಹೊತ್ತು ಗದ್ದೆಗೆ ಹೋಗುತ್ತದೆ. ಹೊಡೆ ತುಂಬಿದ ಪೈರಿಗೆ ಬಯಕೆಯೂಟ.

ಆ ಅಕ್ಕಿಯ ಬಿಳಿಯಲ್ಲಿ ನನಗೆ ಈ ಸೀಮೆಯ ಚರಿತ್ರೆಯೇ ಕಂಡಿತು. 1951ರಲ್ಲಿ ಇದೇ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದರು. ಅವರಲ್ಲಿ ಹೆಚ್ಚಿನವರು ದೀವರು. ಕೊಳಗಕ್ಕಾಗಿ ಹೋರಾಡಿದ ಆ ಕಾಲದಲ್ಲೂ ಹೆಂಗಸರು ಮನೆಯ ಪಾಲಿಗೆ ಉಳಿದ ಅಕ್ಕಿಯಲ್ಲಿ ಹಿಡಿಯಷ್ಟನ್ನು ಗೋಡೆಗೆ ಎತ್ತಿಟ್ಟಿರಬೇಕು. ಮುಂದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ಗೋಡೆಗಳು ನೀರಿನಡಿ ಹೋದವು. ಎಳೆ ಬಲ್ಲ ಕೈಗಳು ಹೊಸ ಊರುಗಳಲ್ಲಿ ಮತ್ತೆ ಬರೆದವು.

ಗೋಡೆಯ ಮೇಲಿನ ಚಿತ್ರದ ಅಳಿವು ಉಳಿವನ್ನು ಯೋಚಿಸುವಾಗ ಸ್ಪೇನಿನ ಚಿತ್ರಕಾರ ಗೋಯಾ ನೆನಪಾದ. 1819ರಲ್ಲಿ ಮ್ಯಾಡ್ರಿಡ್ ಹೊರವಲಯದಲ್ಲಿ ಮನೆ ಕೊಂಡು, ಅದರ ಗೋಡೆಗಳ ಮೇಲೆ 14 ಚಿತ್ರ ಬರೆದವನು ಅವನು. ಲೋಕ ಅವನ್ನು 'ಕಪ್ಪು ಚಿತ್ರಗಳು' ಎಂದಿತು. ಅವನು ತೀರಿಕೊಂಡು ದಶಕಗಳಾದ ಮೇಲೆ ಅವನ್ನು ಗೋಡೆಯಿಂದ ಬಿಡಿಸಿ ಕ್ಯಾನ್ವಾಸಿಗೆ ಇಳಿಸಿದರು. ಮನೆ ನೆಲಸಮವಾಯಿತು, ಚಿತ್ರಗಳು ಪ್ರಾಡೊ ಸಂಗ್ರಹಾಲಯದಲ್ಲಿ ಉಳಿದವು. ಬರೆದ ಕೈ ಒಂದೇ ಆದ್ದರಿಂದ ಅಲ್ಲಿ ಚಿತ್ರವನ್ನು ಕಾಯಲೇಬೇಕಿತ್ತು. ಇಲ್ಲಿ ಮಳೆಗಾಲ ಕಳೆದರೆ ಗೋಡೆಗೆ ಮತ್ತೆ ಕೆಮ್ಮಣ್ಣು, ಮದುವೆ ಬಂದರೆ ಮತ್ತೆ ಚಿತ್ತಾರ. ಕಾಯಬೇಕಾದದ್ದು ಬರೆಯುವ ಕೈಯನ್ನು, ಬರೆಯುವ ಸಂದರ್ಭವನ್ನು.

ಈಗ ಸಿಮೆಂಟಿನ ಗೋಡೆ ಬಂದಿದೆ, ಮದುವೆ ಛತ್ರಕ್ಕೆ ಹೋಗಿದೆ. ಚಿತ್ತಾರ ಚೌಕಟ್ಟಿನೊಳಗೆ ಕೂತು ಪೇಟೆ ಮನೆಗಳನ್ನು ಸೇರುತ್ತಿದೆ. ಅದರಿಂದ ನಾಲ್ಕು ಕಾಸು ಬರುವುದು ಒಳ್ಳೆಯದೇ. ಆದರೆ ಚಿತ್ತಾರ ಮೆಚ್ಚಿ ಬರುವ ನಮ್ಮಂಥವರು ಚಿತ್ರ ಕೊಂಡು ಹೊರಟರೆ ಸಾಲದು. ನಮ್ಮ ಮದುವೆ ಮನೆಗೆ, ನಮ್ಮೂರ ಶಾಲೆಯ ಗೋಡೆಗೆ ಈ ಅಮ್ಮಂದಿರನ್ನು ಕರೆಸಿ, ದುಡಿಮೆಗೆ ತಕ್ಕ ಸಂಬಳ ಕೊಟ್ಟು ಬರೆಸಬೇಕು. ಪಕ್ಕದಲ್ಲಿ ಕೂತು ಎಳೆ ಕಲಿಯಲು ನಮ್ಮ ಮಕ್ಕಳಿಗೂ ಒಂದು ಪುಂಡಿ ನಾರಿನ ಕುಂಚ ಕೊಡಬೇಕು.