ಹೊಳಪಿನ ಹಿಂದೆ

2004ರಲ್ಲಿ ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿದ್ದೆ. ವಿಮಾನದ ಬಿಡಿಭಾಗಗಳ ಗುತ್ತಿಗೆ ಅಲ್ಲಿಗೆ ಬರುತ್ತಿತ್ತು. ಗೇಣುದ್ದದ ಅಲ್ಯೂಮಿನಿಯಂ ಪಟ್ಟಿ, ತುದಿಗೊಂದು ತೂತು. ಮಿಲ್ಲಿಂಗ್ ಯಂತ್ರ ಅಂಚಿನಲ್ಲಿ ಬಿಟ್ಟ ಅಡ್ಡಗೀರುಗಳನ್ನು ತೆಗೆದು ನಯ ಮಾಡುವುದು ನನ್ನ ಪಾಲಿನ ಕೆಲಸ.

ಪೀಸಿನ ಲೆಕ್ಕದಲ್ಲಿ ಕೂಲಿ. ಊರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ಕೈಯಿಂದ ಉಜ್ಜುತ್ತಾ ಕೂತರೆ ಪೂರೈಸದೆಂದು ಬಫಿಂಗ್ ಚಕ್ರಕ್ಕೆ ಹಿಡಿಯತೊಡಗಿದೆ. ಕ್ಷಣದಲ್ಲಿ ಕನ್ನಡಿಯಂಥ ಹೊಳಪು! ಒಂದು ಸಂಜೆ ಮೇಸ್ತ್ರಿ ಅಂಥದೊಂದನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿದರು.

“ಗೀರು ಹೋಗಿಲ್ಲಪ್ಪಾ, ತುದಿ ಕಾಣ್ತಿದೆ ನೋಡು. ಮೆತ್ತನೆಯ ಲೋಹ ಸರಿದು ಅದರ ಬಾಯಿ ಮುಚ್ಚಿದೆ. ನಾಳೆ ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕಿದರೂ ಅದು ಒಳಗೆ ಇಳಿಯೋದಿಲ್ಲ.”

“ಕೂದಲೆಳೆಯಷ್ಟು ಗೀರಲ್ವಾ ಮೇಸ್ತ್ರಿ?” ಎಂದೆ.

“ಲಾರಿ ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸ್ತಾರೆ. ಆಕಾಶದಲ್ಲಿ ರಸ್ತೆ ಬದಿ ಎಲ್ಲಿದೆ?”

ಕಾಮೆಟ್ ವಿಮಾನಗಳ ಕಥೆಯನ್ನು ಅವರೇ ಹೇಳಿದರು. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಇಟಲಿ ಸಮೀಪದ ಸಮುದ್ರಕ್ಕೆ ಬಿದ್ದು 56 ಮಂದಿ ಸತ್ತರು. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಒತ್ತಡ ಕೊಟ್ಟಾಗ ಲೋಹ ದಣಿದು ಸೀಳಿತು. ಕಿಟಕಿಯಂಥ ತೆರವುಗಳ ಮೂಲೆಯಲ್ಲಿ ಬಲವೆಲ್ಲ ಒಟ್ಟುಗೂಡಿ ಬಿರುಕಿಗೆ ದಾರಿಯಾಗಿತ್ತು. ನಮ್ಮ ಪಟ್ಟಿಯ ಮೇಲಿನ ಅಡ್ಡಗೀರೂ ಅಂಥದೇ ಒಂದು ಮೂಲೆ ಎಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಗೇ ಹೊಳಪು ಕೊಟ್ಟ ನಲವತ್ತು ಪೀಸುಗಳು ಪೆಟ್ಟಿಗೆ ಸೇರಿ ಮರುದಿನ ಹೊರಡಲಿದ್ದವು. ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ನಾನೇ ಹೇಳಿದೆ. ಪೆಟ್ಟಿಗೆ ಬಿಚ್ಚಿದರು. ಆ ವಾರದ ಕೂಲಿ ಹೋಯಿತು. ಹೆದರುತ್ತಲೇ ಅಬ್ಬನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಲವಾದರೆ ತೀರಿಸಬಹುದು ಮಗಾ” ಎಂದರು.

ಮುಂದಿನ ಭಾನುವಾರ ಬಾಡಿಗೆ ಕೋಣೆಯಲ್ಲಿ ಕುಳಿತು ಒಂದು ಜಿಗ್ ಮಾಡಿದೆ. ಹಲಗೆಯ ಮೇಲೆ ಹಳೆಯ ಮೇಜಿನ ಡ್ರಾಯರ್ ಚಾನೆಲ್, ಅದರಲ್ಲಿ ಹಿಂದೆ ಮುಂದೆ ಜಾರುವ ಮರದ ತುಂಡು. ಪಟ್ಟಿಯ ತೂತುಗಳಿಗೆ ಎರಡು ಗೂಟ, ಪಟ್ಟಿ ತರಚದಂತೆ ಹಳೆಯ ಚಪ್ಪಲಿಯ ಚರ್ಮದ ಒತ್ತು. ಮೇಲಿನಿಂದ ಕೀಲಿಗೆ ಸಿಕ್ಕಿಸಿದ ಒಂದು ತೋಳು, ಅದರ ಅಡಿಯಲ್ಲಿ ಉಪ್ಪುಕಾಗದ ಸುತ್ತಿದ ಮರದ ಗುಬಟು, ಬೆನ್ನ ಮೇಲೆ ಅರ್ಧ ಕಿಲೋ ತೂಕದ ಕಲ್ಲು. ಪಟ್ಟಿ ಉದ್ದಕ್ಕೆ ಮಾತ್ರ ಚಲಿಸುವುದರಿಂದ ಉಜ್ಜುವುದೂ ಉದ್ದಕ್ಕೇ; ಅಡ್ಡಗೀರು ಹೊಸದಾಗಿ ಬೀಳುವಂತಿಲ್ಲ. ಒತ್ತುವುದು ಕಲ್ಲು, ಅವಸರದ ಕೈಯಲ್ಲ.

ಮೊದಲು 240ರ ಕಾಗದ, ಆಮೇಲೆ 400, ಕೊನೆಗೆ 600. ಕಬ್ಬಿಣ ಉಜ್ಜಿದ ಕಾಗದ ಅಲ್ಯೂಮಿನಿಯಂಗೆ ತಾಗಬಾರದು. ಕಬ್ಬಿಣದ ಕಣ ಹೂತುಕೊಂಡರೆ ಅಲ್ಲೇ ತುಕ್ಕು ಶುರುವಾಗುತ್ತದೆ. ಪ್ರತಿ ಹಂತದಲ್ಲೂ ಮೈಕ್ರೋಮೀಟರ್ ಹಿಡಿಯಬೇಕು. ನಕ್ಷೆಯ ಅಳತೆಗಿಂತ ಸವೆದರೆ ಅದು ಗುಜರಿಗೆ.

ದಿನದ ಲೆಕ್ಕ ಅರ್ಧಕ್ಕೆ ಇಳಿಯಿತು. ತಂಗಿಯ ಮದುವೆ ಸಾಲದಲ್ಲೇ ನಡೆಯಿತು. ತೀರಿಸಲು ಎರಡು ವರ್ಷ ಹಿಡಿಯಿತು. ಆ ಜಿಗ್ ಇನ್ನೂ ನನ್ನ ಬಳಿ ಇದೆ, ಚರ್ಮ ಕಪ್ಪಾಗಿದೆ. ಈಗಲೂ ಹೊಳೆಯುವ ಲೋಹ ಕಂಡರೆ ಕಣ್ಣಿಗಿಂತ ಮೊದಲು ಉಗುರು ಅದರ ಅಂಚನ್ನು ಸವರುತ್ತದೆ.