ನೋಡುವವರ ಕಣ್ಣು

ಪ್ರೌಢಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ವಿಷಯ ಗೊತ್ತುಮಾಡುವ ಕೆಲಸ ಬಹುತೇಕ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. ಸೂಚನೆಗೆ ಬಂದ ವಿಷಯಗಳಲ್ಲಿ ‘ಬಾಹ್ಯ ಸೌಂದರ್ಯಕ್ಕಿಂತ ಅಂತರಂಗದ ಸೌಂದರ್ಯವೇ ಮಿಗಿಲು’ ಎಂಬುದು ತಪ್ಪದೆ ಇರುತ್ತಿತ್ತು. ನಾನೂ ತಪ್ಪದೆ ಅದನ್ನು ಬದಿಗಿಡುತ್ತಿದ್ದೆ. ವಿರೋಧವಾಗಿ ಮಾತನಾಡಲು ಒಬ್ಬ ವಿದ್ಯಾರ್ಥಿಯೂ ಸಿಗುತ್ತಿರಲಿಲ್ಲ. ವೇದಿಕೆಯ ಮೇಲೆ ಎಲ್ಲರೂ ಒಪ್ಪುವ ಈ ಮಾತು ಹೆಣ್ಣು ನೋಡಲು ಹೊರಟಾಗ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ನಮ್ಮ ಕ್ರೈಸ್ತ ಕುಟುಂಬಗಳೂ ಇದಕ್ಕೆ ಹೊರತಲ್ಲ. ‘ಹುಡುಗಿ ಬೆಳ್ಳಗಿದ್ದಾಳೆಯೇ?’ ಎಂಬ ಪ್ರಶ್ನೆ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿಯೇ ನನ್ನ ಕಿವಿಗೆ ಬಿದ್ದದ್ದುಂಟು.

ಪ್ರಸಂಗಗಳಲ್ಲಿ ಈ ವಿಷಯ ಬಂದೊಡನೆ ಸಾಮಾನ್ಯವಾಗಿ ತೆರೆಯುವುದು ಪೇತ್ರನ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯ. ಜಡೆ, ಚಿನ್ನ, ಉಡುಪುಗಳ ಅಲಂಕಾರಕ್ಕಿಂತ ಸೌಮ್ಯವಾದ ಮನಸ್ಸೇ ದೇವರ ದೃಷ್ಟಿಯಲ್ಲಿ ಬೆಲೆಯುಳ್ಳದ್ದೆಂದು ಅಲ್ಲಿ ಸ್ತ್ರೀಯರಿಗೆ ಹೇಳಿದೆ. ಪ್ರಸಂಗವೂ ಅವರ ಮೇಲೆಯೇ ಬೀಳುತ್ತದೆ. ಗಂಡಸರು ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ಆದರೆ ಸತ್ಯವೇದದಲ್ಲಿ ಇದಕ್ಕೂ ಬಹಳ ಹಿಂದಿನ ಪ್ರಕರಣವೊಂದಿದೆ. ಅದರಲ್ಲಿ ಚರ್ಚೆಗೆ ಬರುವುದು ಗಂಡಸಿನ ಎತ್ತರ!

ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಇಸ್ರಾಯೇಲಿನ ಮೊದಲನೆಯ ಅರಸನಾದ ಸೌಲನು ಜನರೆಲ್ಲರಿಗಿಂತ ಎತ್ತರದವನು. ಇತರರು ಅವನ ಹೆಗಲಿನವರೆಗೆ ಮಾತ್ರ ಬರುತ್ತಿದ್ದರು. ಅವನ ಆಳ್ವಿಕೆ ಕೆಟ್ಟಿತು. ಹೊಸ ಅರಸನನ್ನು ಅಭಿಷೇಕಿಸಲು ಪ್ರವಾದಿಯಾದ ಸಮುವೇಲನು ಬೇತ್ಲೆಹೇಮಿನ ಇಷಯನ ಮನೆಗೆ ಬಂದನು. ಎದುರಿಗೆ ನಿಂತ ಹಿರಿಯ ಮಗ ಎಲೀಯಾಬನನ್ನು ಕಂಡೊಡನೆ ಇವನೇ ಸರಿಯೆಂದು ಅವನಿಗೆ ಅನ್ನಿಸಿತು. ಎತ್ತರವನ್ನೂ ರೂಪವನ್ನೂ ನೋಡಬೇಡ, ದೇವರು ಹೃದಯವನ್ನು ನೋಡುವವನು ಎಂಬ ಎಚ್ಚರಿಕೆ ಬಂದದ್ದು ಆಗ. ಏಳು ಮಂದಿ ಮಕ್ಕಳು ಬಂದು ಹೋದರು. ಕುರಿ ಕಾಯುತ್ತಿದ್ದ ಕಿರಿಯವನನ್ನು ತಂದೆ ಕರೆಸಿಯೇ ಇರಲಿಲ್ಲ.

ತಮಾಷೆಯೆಂದರೆ, ಆ ಕಿರಿಯವನಾದ ದಾವೀದನು ಬಂದೊಡನೆ ಅವನ ಕೆಂಬಣ್ಣವನ್ನೂ ಚೆಲುವಾದ ಕಣ್ಣುಗಳನ್ನೂ ಗ್ರಂಥಕರ್ತನೇ ವರ್ಣಿಸುತ್ತಾನೆ. ರೂಪವನ್ನು ನೋಡಬೇಡವೆಂದು ಹೇಳಿ ಇನ್ನೂ ಐದಾರು ವಾಕ್ಯ ಕಳೆದಿರುವುದಿಲ್ಲ! ಇದರಲ್ಲಿ ವಿರೋಧಾಭಾಸವಿದೆಯೆಂದು ನನಗೆ ತೋರುವುದಿಲ್ಲ. ಚೆಲುವರನ್ನು ನಿಂದಿಸುವುದಾಗಲಿ, ಚೆಲುವಿಲ್ಲದವರನ್ನು ಸಂತೈಸುವುದಾಗಲಿ ಆ ಮಾತಿನ ಉದ್ದೇಶವಲ್ಲ. ಅದನ್ನು ಹೇಳಿದ್ದು ಸಮುವೇಲನಿಗೆ, ಅಂದರೆ ನೋಡುತ್ತಿದ್ದವನಿಗೆ. ವೃದ್ಧನಾದ ಪ್ರವಾದಿಯೂ ಎರಡನೆಯ ಸಲ ಅದೇ ಅಳತೆಗೋಲನ್ನು ಹಿಡಿದು ಹೊರಟಿದ್ದನು. ನಾವಾದರೋ ನೋಡುವವರಿಗೆ ಹೇಳಿದ ಮಾತನ್ನು ನೋಡಿಸಿಕೊಳ್ಳುವವರ ತಲೆಗೆ ಕಟ್ಟಿ ಹಗುರಾಗಿದ್ದೇವೆ.

ಹೃದಯವನ್ನು ನೋಡುವುದೆಂದರೆ ಮುಖದ ಗೊಡವೆಯೇ ಬೇಡವೆಂದು ಅರ್ಥವೇ? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆದುದನ್ನು ಕೇಳಿ. ಡಾ. ಪಾಲ್ ಬ್ರ್ಯಾಂಡ್ ಇಂದಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಮಿಷನರಿ ದಂಪತಿಗಳಿಗೆ ಜನಿಸಿದವರು. ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿಗೆ ಬಂದರು. ಕುಷ್ಠರೋಗದಿಂದ ಮಾಂಸ ತಾನಾಗಿಯೇ ಕೊಳೆಯುತ್ತದೆಂದು ಜನ ನಂಬಿದ್ದ ಕಾಲವದು. ಸ್ಪರ್ಶಜ್ಞಾನ ಹೋದ ಕೈಗೆ ಸುಟ್ಟರೂ ಕೊಯ್ದರೂ ತಿಳಿಯದೆ, ಆ ಗಾಯಗಳಿಂದಲೇ ಬೆರಳುಗಳು ಸವೆಯುತ್ತವೆಂದು ಅವರು ತೋರಿಸಿದರು. ಕೊಕ್ಕೆಯಂತೆ ಮಡಚಿಹೋದ ಬೆರಳುಗಳಿಗೆ ಶಕ್ತಿಯುಳಿದ ಬೇರೆ ಸ್ನಾಯುವಿನ ರಜ್ಜುವನ್ನು ಜೋಡಿಸಿ ಮತ್ತೆ ಕೆಲಸ ಕಲಿಸಿದರು.

ಕೈ ಸರಿಹೋಗಿ ಊರಿಗೆ ಹೊರಟ ರೋಗಿಗಳಿಗೆ ಯಾರೂ ಕೆಲಸ ಕೊಡಲಿಲ್ಲ. ರೋಗ ಗುಣವಾಗಿದ್ದರೂ ಹುಬ್ಬಿನ ಕೂದಲು ಉದುರಿತ್ತು, ಮೂಗು ಕುಸಿದಿತ್ತು. ಮುಖವೇ ಹಳೆಯ ಕಥೆಯನ್ನು ಸಾರುತ್ತಿತ್ತು. ವೈದ್ಯರು ಮುಖಕ್ಕೂ ಕೈಹಚ್ಚಿದರು. ಮೂಗನ್ನು ಎತ್ತಿ ನಿಲ್ಲಿಸಿದರು. ತಲೆಯ ಕೂದಲಿರುವ ಚರ್ಮದ ತುಂಡೊಂದನ್ನು ರಕ್ತನಾಳ ಕಡಿಯದಂತೆ ಹಣೆಯ ಚರ್ಮದ ಅಡಿಯಿಂದ ತಂದು ಹುಬ್ಬಿನ ಸ್ಥಳದಲ್ಲಿ ಕೂಡಿಸಿದರು. ತಲೆಗೂದಲಾದ್ದರಿಂದ ಅದು ಉದ್ದಕ್ಕೆ ಬೆಳೆಯುತ್ತಿತ್ತು, ಕತ್ತರಿಸಿಕೊಳ್ಳಬೇಕಾಗಿತ್ತು. ಕೆಲವರು ಕತ್ತರಿಸದೆ ಹೆಮ್ಮೆಯಿಂದ ಹಾಗೆಯೇ ಬಿಟ್ಟುಕೊಳ್ಳುತ್ತಿದ್ದರಂತೆ! ಆ ಹೆಮ್ಮೆಯನ್ನು ವ್ಯರ್ಥವಾದ ಅಲಂಕಾರವೆಂದು ಕರೆಯಲು ನನಗೆ ನಾಲಿಗೆ ಬಾರದು. ದೇವರು ನಿಮ್ಮ ಹೃದಯವನ್ನು ನೋಡುತ್ತಾನೆಂದು ಹೇಳಿ ಕಳುಹಿಸಬಹುದಾಗಿತ್ತು. ಅದು ನಿಜವೂ ಹೌದು, ಖರ್ಚಿಲ್ಲದ್ದೂ ಹೌದು.

ಬ್ರ್ಯಾಂಡ್ ಅವರು ಫಿಲಿಪ್ ಯಾನ್ಸಿಯವರೊಡನೆ 1984ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಬ್ಬ ರೋಗಿಯ ಪ್ರಸ್ತಾಪವಿದೆ. ಅವನ ಮುಖದ ಸ್ನಾಯುಗಳು ಅರೆಬರೆ ಸತ್ತಿದ್ದವು. ಅವನು ನಕ್ಕರೆ ಮುಖ ವಿಕಾರವಾಗಿ, ಕಂಡವರು ಬೆಚ್ಚುತ್ತಿದ್ದರು. ಹಾಗಾಗಿ ನಗುವುದನ್ನೇ ಬಿಟ್ಟಿದ್ದನು. ಕೈಗಳ ಶಸ್ತ್ರಚಿಕಿತ್ಸೆಯಾದ ಮೇಲೆ ಊರಿನ ತಮಿಳು ದೇವಾಲಯಕ್ಕೆ ಆರಾಧನೆಗೆ ಹೋಗಬೇಕೆಂದು ಆಸೆಪಟ್ಟನು. ಬ್ರ್ಯಾಂಡ್ ಅವರು ಮೊದಲೇ ಸಭೆಯ ಹಿರಿಯರೊಡನೆ ಮಾತನಾಡಿ, ರೋಗ ಹರಡುವ ಭಯವಿಲ್ಲವೆಂದು ತಿಳಿಸಿ, ಆ ದಿನ ತಾವೇ ಜೊತೆಗೆ ಹೋದರು. ಇಬ್ಬರೂ ಹಿಂಭಾಗದಲ್ಲಿ ನಿಂತರು. ಕುಳಿತಿದ್ದವರಲ್ಲಿ ಒಬ್ಬನು ತಿರುಗಿ ಈ ಮುಖವನ್ನು ನೋಡಿದನು, ನಕ್ಕನು, ತನ್ನ ಪಕ್ಕದ ಖಾಲಿ ಸ್ಥಳವನ್ನು ಕೈಯಿಂದ ತಟ್ಟಿ ಕರೆದನು. ರೋಗಿಗೆ ನಂಬಿಕೆಯೇ ಬರಲಿಲ್ಲ. ಸ್ವಲ್ಪ ಹೊತ್ತು ತಡೆದು, ಮೆಲ್ಲಗೆ ಹೆಜ್ಜೆಯಿಡುತ್ತ ಹೋಗಿ ಅವನ ಪಕ್ಕದಲ್ಲಿ ಕುಳಿತನು.